ಬೊಲೆರೊ ಯಾರದು?

ಫ್ರೆಂಚ್ ಸಂಯೋಜಕ ಮೊರಿಸ್ ರವೆಲ್ ತೀರಿಕೊಂಡಿದ್ದು 1937ರಲ್ಲಿ. ಅವರ ‘ಬೊಲೆರೊ’ ಬರೆದವರು ಯಾರು ಅನ್ನೋ ಪ್ರಶ್ನೆಗೆ ಪ್ಯಾರಿಸ್ ಪಕ್ಕದ ನಾಂತೇರ್‌ನ ನ್ಯಾಯಾಲಯ ತೀರ್ಪು ಕೊಟ್ಟಿದ್ದು 2024ರ ಜೂನ್‌ನಲ್ಲಿ. ಹದಿನೈದು ನಿಮಿಷದ ಸಂಗೀತಕ್ಕೆ ಇಷ್ಟು ಉದ್ದದ ವ್ಯಾಜ್ಯ ಯಾಕೆ ಬಂತು?

1928ರಲ್ಲಿ ನರ್ತಕಿ ಇಡಾ ರೂಬಿನ್‌ಸ್ಟೈನ್ ತಮಗೊಂದು ಸ್ಪ್ಯಾನಿಷ್ ಬಗೆಯ ಬ್ಯಾಲೆ ಬೇಕು ಎಂದು ರವೆಲ್ ಅವರನ್ನು ಕೇಳಿದರು. ಸ್ಪೇನಿನ ಅಲ್ಬೇನಿಸ್ ಅವರ ಪಿಯಾನೊ ಕೃತಿಗಳನ್ನು ಆರ್ಕೆಸ್ಟ್ರಾಗೆ ಹೊಂದಿಸುವುದು ಮೊದಲ ಯೋಚನೆ. ಆದರೆ ಆ ಹಕ್ಕು ಆಗಲೇ ಬೇರೆಯವರ ಕೈಯಲ್ಲಿತ್ತು. ಹಾಗಾಗಿ ರವೆಲ್ ಹೊಸದನ್ನೇ ಬರೆದರು. ಬೊಲೆರೊ ಹುಟ್ಟಿದ್ದೂ ಹಕ್ಕಿನ ತೊಡಕಿನಿಂದಲೇ.

ನವೆಂಬರ್ 22ರಂದು ಪ್ಯಾರಿಸ್ ಒಪೆರಾದಲ್ಲಿ ಮೊದಲ ಪ್ರದರ್ಶನ. ನೃತ್ಯ ಸಂಯೋಜನೆ ಬ್ರೋನಿಸ್ಲಾವಾ ನಿಜಿನ್ಸ್ಕಾ ಅವರದು, ರಂಗಸಜ್ಜು ಅಲೆಕ್ಸಾಂಡರ್ ಬೆನುವಾ ಅವರದು. ರಂಗದ ಮೇಲೆ ಸ್ಪೇನಿನ ಒಂದು ಹೆಂಡದಂಗಡಿ, ಮೇಜಿನ ಮೇಲೆ ಕುಣಿಯುವ ಹೆಣ್ಣು, ಸುತ್ತ ಗಂಡಸರು. ರವೆಲ್ ಮನಸ್ಸಿನಲ್ಲಿದ್ದದ್ದು ಮಾತ್ರ ಕಾರ್ಖಾನೆ. ಅವರ ತಂದೆ ಎಂಜಿನಿಯರ್, ಮಗನಿಗೂ ಯಂತ್ರಗಳೆಂದರೆ ಪ್ರೀತಿ.

ಕಿವಿಗೊಟ್ಟು ಕೇಳಿದರೆ ಆ ಕಾರ್ಖಾನೆ ಸಿಗುತ್ತದೆ. ಚಿಕ್ಕ ಡ್ರಮ್ ಒಂದೇ ಲಯವನ್ನು ಶುರುವಿನಿಂದ ಕೊನೆವರೆಗೆ ಬಾರಿಸುತ್ತದೆ, 169 ಸಲ. ವೇಗ ಏರುವಂತಿಲ್ಲ. ಎರಡೇ ರಾಗಗಳು, ಸರದಿಯ ಮೇಲೆ ಬರುತ್ತವೆ. ಬದಲಾಗುವುದು ವಾದ್ಯ ಮಾತ್ರ. ಮೊದಲು ಕೊಳಲು, ಆಮೇಲೆ ಕ್ಲಾರಿನೆಟ್. ಸಾಮಾನ್ಯವಾಗಿ ತಗ್ಗಿನಲ್ಲಿ ಗುನುಗುವ ಬಸೂನ್ ಇಲ್ಲಿ ತಾರಕದಲ್ಲಿ ಹಾಡುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ನಡುವಿನ ಒಂದು ಜಾಗ. ಹಾರ್ನ್ ರಾಗವನ್ನು ಸಿ ಮೇಜರ್‌ನಲ್ಲಿ ನುಡಿಸುವಾಗಲೇ ಎರಡು ಪಿಕಲೊ (ಪುಟ್ಟ ಕೊಳಲು) ಅದೇ ರಾಗವನ್ನು ಬೇರೆ ಬೇರೆ ಶ್ರುತಿಗಳಲ್ಲಿ, ಒಂದು ಇ, ಇನ್ನೊಂದು ಜಿ, ನುಡಿಸುತ್ತವೆ. ಅಪಸ್ವರ ಆಗಬೇಕಿತ್ತು, ಅಲ್ವಾ? ಆಗುವುದಿಲ್ಲ. ಎಲ್ಲ ಬೆರೆತು ಆರ್ಗನ್‌ನಂಥ ಹೊಸ ದನಿಯೊಂದು ಹುಟ್ಟುತ್ತದೆ. ಹೀಗೆ ವಾದ್ಯ ಸೇರುತ್ತಾ ಸದ್ದು ಬೆಳೆಯುತ್ತದೆ. ಕೊನೆಯ ಹತ್ತಿರ ಇಡೀ ಆರ್ಕೆಸ್ಟ್ರಾ ತಟ್ಟನೆ ಇ ಮೇಜರ್‌ಗೆ ಹಾರಿ, ಎಂಟು ಆವರ್ತ ಕಳೆದು ಮರಳಿ, ಕುಸಿದು ಮುಗಿಯುತ್ತದೆ. ಇದನ್ನೆಲ್ಲ ಕಟ್ಟಿದ್ದು ಒಂದೇ ಕೈ ಎಂದು ನನಗನ್ನಿಸುತ್ತದೆ. ಹೆಂಡದಂಗಡಿ ಇಲ್ಲದೆಯೂ ಅದು ನಿಲ್ಲುತ್ತದೆ. ಬರೀ ಕಛೇರಿಯ ಕೃತಿಯಾಗಿಯೇ ಲೋಕವೆಲ್ಲ ಸುತ್ತಿದೆ.

ರವೆಲ್‌ಗೆ ಮದುವೆಯಾಗಿರಲಿಲ್ಲ. ಹಕ್ಕು ತಮ್ಮನಿಗೆ ಹೋಯಿತು. ತಮ್ಮ 1960ರಲ್ಲಿ ತೀರಿಕೊಂಡ ಮೇಲೆ ಅದು ಮನೆತನದ ಆಚೆಗೆ ಹೋಯಿತು. ಮುಂದಿನ ದಶಕಗಳು ವಕೀಲರು, ಕಂಪನಿಗಳು, ರಾಯಲ್ಟಿಗಳದ್ದು.

ಫ್ರಾನ್ಸ್‌ನಲ್ಲಿ ಕೃತಿಸ್ವಾಮ್ಯ ಲೇಖಕ ತೀರಿಕೊಂಡ ಮೇಲೆ 70 ವರ್ಷ. ಯುದ್ಧದ ವರ್ಷಗಳಿಗೆಂದು ಇನ್ನೂ 8 ವರ್ಷ 120 ದಿನ ಜಾಸ್ತಿ ಸೇರಿಸಿದ್ದರಿಂದ ಬೊಲೆರೊ 2016ರ ಮೇ 1ರಂದು ಎಲ್ಲರದ್ದಾಯಿತು. ಆಗ ಬಂತು ಹೊಸ ವಾದ: ಬೆನುವಾ ಕೂಡ ಇದರ ಸಹ-ಲೇಖಕ ಎಂದು. ಅವರು ತೀರಿಕೊಂಡಿದ್ದು 1960ರಲ್ಲಿ. ವಾದ ಗೆದ್ದಿದ್ದರೆ ಕೃತಿಗೆ ಮತ್ತೆ ಬೇಲಿ ಬೀಳುತ್ತಿತ್ತು. ನಾಂತೇರ್ ನ್ಯಾಯಾಲಯ ಒಪ್ಪಲಿಲ್ಲ. ಲೇಖಕ ರವೆಲ್ ಒಬ್ಬರೇ ಎಂದಿತು. ಅಮೆರಿಕದಲ್ಲಿ ಲೆಕ್ಕ ಬೇರೆ. ಅಲ್ಲಿ ಬೊಲೆರೊ ಬಿಡುಗಡೆಯಾಗಿದ್ದು 2025ರ ಜನವರಿ 1ರಂದು.