ಟಿವಿಯಲ್ಲಿ ಕುದುರೆ ರೇಸ್ ಯಾಕೆ ಸಪ್ಪೆ?

ಪ್ರಶ್ನೆ: ಮೈಸೂರಿನ ರೇಸ್‌ಕೋರ್ಸಿನಲ್ಲಿ ನಿಂತು ನೋಡಿದರೆ ಮೈ ಜುಮ್ಮೆನ್ನುತ್ತದೆ. ಅದೇ ರೇಸ್ ಗೋಣಿಕೊಪ್ಪದ ಮನೆಯಲ್ಲಿ ಟಿವಿ ಹಾಕಿದರೆ ಸಪ್ಪೆ. ಬಾಜಿ ಕಟ್ಟದವರೂ ಕೂತು ನೋಡುವಂತೆ ತೋರಿಸಲು ಆಗುವುದಿಲ್ಲವೇ?

ಉತ್ತರ: ಖಂಡಿತ ಆಗುತ್ತದೆ. 1200 ಮೀಟರಿನ ರೇಸ್ ಒಂದೂಕಾಲು ನಿಮಿಷದೊಳಗೆ ಮುಗಿಯುತ್ತದೆ, ಮುಂದಿನದಕ್ಕೆ ಸುಮಾರು ಅರ್ಧ ಗಂಟೆ ಕಾಯಬೇಕು. ಸಪ್ಪೆಯಾಗುವುದು ಆ ಅರ್ಧ ಗಂಟೆ. 2024ರಲ್ಲಿ ನಾಪೋಕ್ಲಿನ ಕೊಡವ ಹಾಕಿ ಹಬ್ಬದಲ್ಲಿ 360 ಕುಟುಂಬ ತಂಡಗಳಿದ್ದವು. ಆಡುತ್ತಿರುವುದು ಯಾವ ಒಕ್ಕ (ಕೊಡವ ಕುಟುಂಬ) ಎಂದು ಗೊತ್ತಿರುವವರು ಬಿಸಿಲಲ್ಲೂ ಏಳುವುದಿಲ್ಲ. ರೇಸಿನಲ್ಲಿ ಹತ್ತು ಕುದುರೆಗಳಲ್ಲಿ ಒಂದನ್ನು ‘ನಮ್ಮದು’ ಅನ್ನಿಸುವುದು ಕೈಯಲ್ಲಿರುವ ಬಾಜಿಯ ಟಿಕೆಟ್ಟು. ಟಿಕೆಟ್ ಇಲ್ಲದವರಿಗೆ ಆ ಕೆಲಸ ಟಿವಿಯೇ ಮಾಡಿಕೊಡಬೇಕು.

ಅದು ಪ್ಯಾಡಕ್‌ನಲ್ಲಿ, ಅಂದರೆ ಓಟಕ್ಕೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಅಂಗಳದಲ್ಲಿ, ಶುರುವಾಗಬೇಕು. ಪ್ರತಿ ಕುದುರೆಗೆ 20 ಸೆಕೆಂಡ್ ಸಾಕು. ವಂಶಾವಳಿ ಬೇಡ, ಕಣ್ಣಿಗೆ ಕಾಣುವುದನ್ನು ಹೇಳಲಿ: ಹಿಂಗಾಲ ಸಂದಿಯಲ್ಲಿ ನೊರೆಗಟ್ಟಿದ ಬೆವರು, ಲಗಾಮು ಜಗ್ಗುವ ತಲೆ, ಜಾಕಿಯ ಅಂಗಿಯ ಬಣ್ಣ.

ಆಮೇಲೆ ದರ, ಅಂದರೆ ಕುದುರೆ ಗೆದ್ದರೆ ಬಾಜಿಗೆ ಎಷ್ಟು ಸಿಗುತ್ತದೆ ಎಂಬ ಲೆಕ್ಕ. ಪರದೆಯಂಚಿನಲ್ಲಿ ಅಂಕಿಗಳು ಬದಲಾಗುತ್ತಲೇ ಇರುತ್ತವೆ, ಯಾಕೆಂದು ಬಿಡಿಸಿ ಹೇಳುವವರು ಕಡಿಮೆ. ಟೋಟ್ ಎಂಬ ಬಾಜಿ ಪದ್ಧತಿಯಲ್ಲಿ ಎಲ್ಲರ ಹಣವೂ ಒಂದೇ ಗಂಟು. ಗಂಟು 1,00,000 ರೂಪಾಯಿ, ಅದರಲ್ಲಿ ಶೇ. 20 ಕಡಿತ ಎಂದಿಟ್ಟುಕೊಳ್ಳಿ. ಗೆದ್ದ ಕುದುರೆಯ ಮೇಲೆ 20,000 ಬಿದ್ದಿದ್ದರೆ ಉಳಿದ 80,000 ಅದಕ್ಕೆ ಹಂಚಿಕೆಯಾಗಿ 10 ರೂಪಾಯಿಗೆ 40 ಸಿಗುತ್ತದೆ. ಕೊನೆಗಳಿಗೆಯಲ್ಲಿ ಅದೇ ಕುದುರೆಗೆ ಇನ್ನೂ 20,000 ಬಂತು: ಗಂಟು 1,20,000, ಹಂಚಲು 96,000, 10ಕ್ಕೆ 24 ಮಾತ್ರ. ದರ ಹೀಗೆ ಕುಸಿದಾಗ ಆ ಕುದುರೆಯ ಪ್ಯಾಡಕ್ ದೃಶ್ಯವನ್ನು ಮತ್ತೆ ತೋರಿಸಬೇಕು. ಜನ ಏನು ಕಂಡು ದುಡ್ಡು ಹಾಕಿದರು ಎಂಬ ಕುತೂಹಲ ಮನೆಯಲ್ಲಿ ಕೂತವರಿಗೂ ಹುಟ್ಟುತ್ತದೆ. ದರ ಇಳಿದ ಮಾತ್ರಕ್ಕೆ ಕುದುರೆ ಗೆಲ್ಲುವುದಿಲ್ಲ, ಕಡಿತದಿಂದಾಗಿ ಆಡುವವರೆಲ್ಲ ಸೇರಿ ಕಳೆದುಕೊಳ್ಳುವುದೇ ಹೆಚ್ಚು. ಅದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಲೇಬೇಕು.

ಓಟವನ್ನು ಕೆಡಿಸುವುದು ಕ್ಯಾಮೆರಾ. ಎದುರಿನಿಂದ ತೆಗೆದರೆ ನೋಡಲು ಭರ್ಜರಿ, ಆದರೆ ದೂರದ ಲೆನ್ಸು ಅಂತರವನ್ನೆಲ್ಲ ಒತ್ತಿಬಿಡುವುದರಿಂದ ಯಾರು ಮುಂದೆ ಎಂಬುದೇ ತಿಳಿಯದು. ಕೊನೆಯ ಎರಡು ಫರ್ಲಾಂಗು, ಅಂದರೆ ಸುಮಾರು 400 ಮೀಟರು, ಪಕ್ಕದ ಕ್ಯಾಮೆರಾವನ್ನು ಬಿಡಲೇಬಾರದು.

ಗುರಿಗಂಬ ದಾಟಿದ ಕೂಡಲೇ ಜಾಹೀರಾತಿಗೆ ಹೋಗುವುದು ದೊಡ್ಡ ತಪ್ಪು. ಜಾಕಿ ಜೀನಿನ ಸಮೇತ ತಕ್ಕಡಿ ಹತ್ತಿ ತೂಕ ಸರಿಹೋಗುವವರೆಗೆ ಫಲಿತಾಂಶ ಗಟ್ಟಿಯಲ್ಲ. ಅಡ್ಡ ಬಂದನೆಂದು ಆಕ್ಷೇಪಣೆ ಬಿದ್ದರೆ ಸ್ಥಾನಗಳೇ ಅದಲುಬದಲಾಗಬಹುದು. ಎದುರಿನ ಕ್ಯಾಮೆರಾ ಬೇಕಾಗುವುದು ಆಗ: ಯಾವ ಕುದುರೆ ತನ್ನ ಸಾಲು ಬಿಟ್ಟು ವಾಲಿತು ಎಂಬುದು ಅದರಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ.