ಅರವತ್ತಾರೋ, ಎಪ್ಪತ್ತಮೂರೋ?

ನವೆಂಬರ್ 2 ಬಂತೆಂದರೆ ತುಮಕೂರು, ಕೋಲಾರದ ಕಥೋಲಿಕರು ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚಿ ಅಗಲಿದವರಿಗಾಗಿ ಪ್ರಾರ್ಥಿಸುತ್ತಾರೆ. ಅದೇ ಊರಿನ ಸಿಎಸ್‌ಐ (ದಕ್ಷಿಣ ಭಾರತ ಸಭೆ), ಮೆಥೊಡಿಸ್ಟ್ ಮೊದಲಾದ ಪ್ರಾಟೆಸ್ಟೆಂಟ್ ಸಭೆಗಳವರೂ ತಮ್ಮವರನ್ನು ನೆನೆಯುತ್ತಾರೆ, ಆದರೆ ಸತ್ತವರ ಪಾಪಕ್ಷಮೆಗೆಂದು ಪ್ರಾರ್ಥಿಸುವ ರೂಢಿ ಅವರಲ್ಲಿಲ್ಲ. ಕಾರಣ ಕೇಳಿದರೆ ಇಬ್ಬರೂ ಬೈಬಲ್ಲನ್ನೇ ಮುಂದಿಡುತ್ತಾರೆ. ನಂಬಿಕೆಯ ಮೂಲ ಬೈಬಲ್ ಎನ್ನುವುದರಲ್ಲಿ ಜಗಳವಿಲ್ಲ. ಯಾವ ಬೈಬಲ್, 66 ಪುಸ್ತಕಗಳದೋ 73 ಪುಸ್ತಕಗಳದೋ, ಅದರ ಅರ್ಥ ಹೇಳುವವರು ಯಾರು ಎಂಬಲ್ಲಿ ದಾರಿ ಕವಲಾಗುತ್ತದೆ.

ಸತ್ತವರಿಗಾಗಿ ಪ್ರಾರ್ಥಿಸಲು ಕಥೋಲಿಕರು ಆಧಾರವಾಗಿ ತೋರಿಸುವುದು ಒಂದು ಪ್ರಸಂಗವನ್ನು: ಯೂದನೆಂಬ ಯೆಹೂದಿ ದಳಪತಿ ಯುದ್ಧದಲ್ಲಿ ಮಡಿದ ತನ್ನ ಸೈನಿಕರ ಪಾಪಪರಿಹಾರಕ್ಕೆ ಹಣ ಕೂಡಿಸಿ ಜೆರುಸಲೇಮಿಗೆ ಕಳಿಸಿದ. ಅದಿರುವುದು ಮಕ್ಕಬಿಯರ ಎರಡನೇ ಗ್ರಂಥದ 12ನೇ ಅಧ್ಯಾಯದಲ್ಲಿ. 1519ರಲ್ಲಿ ಲೈಪ್‌ಜಿಗ್‌ನ ವಾದಸಭೆಯಲ್ಲಿ ಕಥೋಲಿಕ ಪಂಡಿತ ಯೋಹಾನ್ ಎಕ್ ಇದೇ ಭಾಗವನ್ನು ಎತ್ತಿಹಿಡಿದಾಗ, ಪ್ರಾಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್, ಆ ಗ್ರಂಥಕ್ಕೆ ಪ್ರಮಾಣವಾಗುವ ಅಧಿಕಾರವಿಲ್ಲ ಎಂದ. ಯೆಹೂದ್ಯರ ಹೀಬ್ರೂ ಗ್ರಂಥಗಳ ಪಟ್ಟಿಯಲ್ಲಿ ಇಲ್ಲದೆ ಗ್ರೀಕ್ ಬೈಬಲ್‌ನಲ್ಲಿ ಮಾತ್ರ ಉಳಿದುಬಂದ ಇಂಥ ಗ್ರಂಥಗಳ ಬಗ್ಗೆ ನಾಲ್ಕನೇ ಶತಮಾನದ ಬೈಬಲ್ ಅನುವಾದಕ ಜೆರೋಮನಿಗೇ ಅನುಮಾನವಿತ್ತು. ಲೂಥರ್ 1534ರ ತನ್ನ ಜರ್ಮನ್ ಬೈಬಲ್‌ನಲ್ಲಿ ಅವನ್ನು ಕಿತ್ತುಹಾಕಲಿಲ್ಲ, ಓದಲು ಒಳ್ಳೆಯವು, ಆದರೆ ಶಾಸ್ತ್ರಕ್ಕೆ ಸಮವಲ್ಲ ಎಂದು ಬೇರೆಯಾಗಿ ಇಟ್ಟ. ಇದು ಬಹಳ ಜನರಿಗೆ ತಿಳಿಯದ ಸಂಗತಿ.

1546ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಇಂಥ ಏಳು ಗ್ರಂಥಗಳನ್ನೂ ಪವಿತ್ರಗ್ರಂಥವೆಂದು ಸಾರಿತು, ಜೊತೆಗೆ ಯೇಸುವಿನ ಶಿಷ್ಯರಾದ ಅಪೊಸ್ತಲರಿಂದ ಬಂದ ಪರಂಪರೆಗೂ ಅಷ್ಟೇ ಗೌರವ ಸಲ್ಲಬೇಕೆಂದಿತು. ಅಲ್ಲಿಗೆ ಕಥೋಲಿಕರಿಗೆ 73, ಪ್ರಾಟೆಸ್ಟೆಂಟರಿಗೆ 66. ಹೊಸ ಒಡಂಬಡಿಕೆಯ 27 ಪುಸ್ತಕಗಳು ಮಾತ್ರ ಇಬ್ಬರಿಗೂ ಒಂದೇ. ಆ 27ರ ಪಟ್ಟಿ ಕ್ರಿ.ಶ. 367ರಷ್ಟು ಹಿಂದೆಯೇ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಶಿಯಸ್ ಬರೆದ ಪತ್ರದಲ್ಲಿದೆ.

ಏಳು ಗ್ರಂಥಗಳ ಈ ಅಂತರ ನಮ್ಮ ಸೀಮೆಗೆ ಅಚ್ಚಾದ ಪುಸ್ತಕದ ರೂಪದಲ್ಲೇ ಬಂತು. ಹೆಚ್ಚುವರಿ ಗ್ರಂಥಗಳಿರುವ ಬೈಬಲ್‌ಗೆ ಹಣ ಕೊಡುವುದಿಲ್ಲವೆಂದು ಬ್ರಿಟಿಷ್ ಬೈಬಲ್ ಸೊಸೈಟಿ 1820ರ ದಶಕದ ನಡುವೆ ತೀರ್ಮಾನಿಸಿತ್ತು. ಬಳ್ಳಾರಿಯಲ್ಲಿ ಪ್ರಾಟೆಸ್ಟೆಂಟ್ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ಇಡೀ ಬೈಬಲ್ಲನ್ನು ಕನ್ನಡಕ್ಕೆ ತಂದದ್ದು 1830ರ ದಶಕದ ಆರಂಭದಲ್ಲಿ. ಕನ್ನಡದ ಪ್ರಾಟೆಸ್ಟೆಂಟರು ಸತ್ಯವೇದವೆಂದು ಕರೆದು ಓದುತ್ತ ಬಂದದ್ದು 66 ಪುಸ್ತಕಗಳ ಬೈಬಲ್ಲನ್ನೇ. ಅದೇ ದಶಕದ ಕೊನೆಗೆ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನರಿಗಳು ನೆಲೆಯೂರಿದರು. ತನ್ನನ್ನು ಒಂದೇ ಪುಸ್ತಕದ ಮನುಷ್ಯ ಎಂದು ಕರೆದುಕೊಂಡ, ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯ ಶಿಷ್ಯಪರಂಪರೆ ಅವರದು. ಆದರೂ ವೆಸ್ಲಿ ಆ ಪುಸ್ತಕವನ್ನು ಒಂಟಿಯಾಗಿ ಓದಿದವನಲ್ಲ. ಸಭಾಪಿತೃಗಳೆನಿಸಿದ ಆದಿಕಾಲದ ಕ್ರೈಸ್ತ ಗುರುಗಳು, ವಿವೇಚನೆ, ಸ್ವಾನುಭವ ಎಲ್ಲವೂ ಅವನ ಓದಿಗೆ ಜೊತೆಯಾಗಿದ್ದವು. ಬೈಬಲ್ ಒಂದೇ ಸಾಕು ಎಂಬ ಮಾತನ್ನು ಸರಳವಾಗಿ ಹೇಳಿಬಿಡುವ ಇಂದಿನ ಬೋಧಕರು ಇದನ್ನು ಗಮನಿಸಬೇಕೆಂದು ನನಗನ್ನಿಸುತ್ತದೆ.

1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ ರಕ್ಷಣೆಗೆ ಬೇಕಾದದ್ದೆಲ್ಲ ಶಾಸ್ತ್ರದಲ್ಲಿದೆ ಎಂದು ತನ್ನ ಸಂವಿಧಾನದಲ್ಲೇ ಬರೆದುಕೊಂಡಿತು. ಇತ್ತ ಕಥೋಲಿಕರ ಎರಡನೇ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ಹೊರಡಿಸಿದ ಪ್ರಕಟಣೆಯಲ್ಲಿ ಶಾಸ್ತ್ರದ ಅಧ್ಯಯನವೇ ದೈವಶಾಸ್ತ್ರದ ಜೀವಾಳ ಎಂದಿತು. ಸಭೆಯ ಬೋಧಿಸುವ ಅಧಿಕಾರ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವೆಗಿದೆ ಎಂದೂ ಸೇರಿಸಿತು. ಲ್ಯಾಟಿನ್‌ನಲ್ಲಿದ್ದ ಪೂಜೆ ಕನ್ನಡಕ್ಕೆ ತಿರುಗಿದ್ದೂ ಆ ಮಹಾಸಭೆಯ ನಂತರವೇ.

ಮಕ್ಕಬಿಯರ ಗ್ರಂಥ ಈಗಲೂ ಒಂದು ಬೈಬಲ್‌ನಲ್ಲಿದೆ, ಇನ್ನೊಂದರಲ್ಲಿಲ್ಲ. ಸತ್ತ ಲಾಜರನನ್ನು ಯೇಸು ಸಮಾಧಿಯಿಂದ ಹೊರಗೆ ಕರೆದ ಕಥೆಯಿರುವ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ಎರಡರಲ್ಲೂ ಇದೆ. ಸಾವಿನ ಮನೆಯಲ್ಲಿ ಎರಡೂ ಕಡೆಯವರು ತೆರೆಯುವ ಪುಟ ಅದು.