ಕಣಜಕ್ಕೆ ಕಾಲು ಯಾಕೆ? ಇಲಿಗೆ ಹೆದರಿ ಮಾತ್ರವಾ?

ಓದುಗರ ಪ್ರಶ್ನೆ: ಹಳ್ಳಿಗಳ ಹಳೆಯ ಕಣಜಗಳನ್ನು ನೆಲಬಿಟ್ಟು ಮೇಲೆ, ಕಂಬಗಳ ಮೇಲೆ ಕಟ್ಟಿರುತ್ತಾರೆ. ಇದು ಇಲಿ ಹತ್ತದಿರಲಿ ಅಂತ ತಾನೇ?

ಹೌದು. ಆದರೆ ಅದು ಅರ್ಧ ಉತ್ತರ ಅಷ್ಟೆ.

ಮೊದಲು ಇಲಿಯ ವಿಷಯವನ್ನೇ ನೋಡೋಣ. ಬರೀ ಕಂಬ ಇಲಿಗೆ ಅಡ್ಡಿಯೇ ಅಲ್ಲ. ಒರಟು ಮರವಾದರೆ ಸರಸರನೆ ಹತ್ತಿಬಿಡುತ್ತದೆ. ನಿಜವಾಗಿ ಅದನ್ನು ತಡೆಯುವುದು ಕಂಬದ ತಲೆಯ ಮೇಲಿರುವ ಅಗಲವಾದ ಬಿಲ್ಲೆ. ಹತ್ತಿ ಬಂದ ಇಲಿ ಆ ಬಿಲ್ಲೆಯ ಅಡಿಯಲ್ಲಿ ತಲೆಕೆಳಗಾಗಿ ನಡೆದು ಅಂಚು ದಾಟಬೇಕು. ಅದು ಆಗದ ಕೆಲಸ. ಸ್ಪೇನಿನ ಗಲೀಸಿಯಾದಲ್ಲಿ ಇದಕ್ಕೆ ಚಪ್ಪಟೆ ಕಲ್ಲು ಇಡುತ್ತಾರೆ. ಫಿಲಿಪ್ಪೀನ್ಸಿನ ಇಫುಗಾವ್ ಜನ ಮರದ ಬಿಲ್ಲೆ ತೊಡಿಸುತ್ತಾರೆ. ಜಪಾನಿನಲ್ಲಿ ಹಲಗೆ. ಅದರ ಹೆಸರು ನನಗೆ ತುಂಬಾ ಇಷ್ಟ: ‘ನೆಜುಮಿ ಗಯೆಶಿ’, ಅಂದರೆ ಇಲಿಯನ್ನು ವಾಪಸ್ ಕಳಿಸುವುದು! ಇಂಗ್ಲೆಂಡಿನ ಅಣಬೆಯಂಥ ಕಲ್ಲುಗಳೂ ಇದೇ ಜಾತಿಯವು. ಪಾಪ, ಅವು ಈಗ ಮನೆ ಮುಂದಿನ ಕೈತೋಟದಲ್ಲಿ ಅಲಂಕಾರಕ್ಕೆ ನಿಂತಿವೆ.

ದೊಡ್ಡ ಇಲಿ ಸುಮಾರು ಮುಕ್ಕಾಲು ಮೀಟರ್ ಮೇಲಕ್ಕೆ ನೆಗೆಯಬಲ್ಲದು. ಹಾಗಾಗಿ ಕಾಲು ಗಿಡ್ಡವಾದರೆ ಬಿಲ್ಲೆ ಇದ್ದೂ ಉಪಯೋಗವಿಲ್ಲ. ಗಲೀಸಿಯಾದ ಕಣಜಗಳಲ್ಲಿ ಕಲ್ಲಿನ ಮೆಟ್ಟಿಲು ಬಾಗಿಲವರೆಗೆ ಹೋಗುವುದೇ ಇಲ್ಲ, ಸ್ವಲ್ಪ ದೂರದಲ್ಲೇ ನಿಂತುಬಿಡುತ್ತದೆ. ಕಟ್ಟಿದವನು ಅಳತೆ ತಪ್ಪಿದ್ದಲ್ಲ, ಬೇಕಂತಲೇ ಬಿಟ್ಟ ಸಂದು ಅದು. ಬೇರೆ ಕಡೆ ಏಣಿಯನ್ನು ಕೆಲಸ ಮುಗಿದ ಮೇಲೆ ತೆಗೆದಿಡುತ್ತಾರೆ.

ಇನ್ನರ್ಧ ಉತ್ತರ ತೇವ. ನನ್ನ ಪ್ರಕಾರ ಇಲಿಗಿಂತ ದೊಡ್ಡ ಶತ್ರು ಇದೇ. ಇಲಿ ಒಂದಷ್ಟು ತಿಂದು ಹೋಗುತ್ತದೆ. ತೇವ ಹೊಕ್ಕರೆ ರಾಶಿಗೆ ರಾಶಿಯೇ ಹಾಳು. ಕಾಳು ಸತ್ತ ವಸ್ತುವಲ್ಲ, ಕಣಜದೊಳಗೂ ಉಸಿರಾಡುತ್ತಿರುತ್ತದೆ. ಉಸಿರಾಡಿದಾಗ ಶಾಖ, ನೀರು ಎರಡನ್ನೂ ಬಿಡುತ್ತದೆ. ತೇವ ಹೆಚ್ಚಿದಷ್ಟೂ ಉಸಿರಾಟ ಜೋರಾಗುತ್ತದೆ, ಅದರಿಂದ ತೇವ ಇನ್ನೂ ಹೆಚ್ಚುತ್ತದೆ. ಭತ್ತ, ಜೋಳದಂಥ ಕಾಳಿನಲ್ಲಿ ನೀರಿನಂಶ ಸುಮಾರು ಶೇ. 14 ದಾಟಿತೆಂದರೆ ಬೂಷ್ಟು ಶುರು. ನೆಲದ ಮೇಲೇ ಸುರಿದರೆ ಮಣ್ಣಿನ ತೇವ ಕೆಳಗಿನಿಂದ ಏರುತ್ತದೆ. ಕಾಲು ಕೊಟ್ಟು ಎತ್ತಿದರೆ ಅಡಿಯಲ್ಲಿ ಗಾಳಿ ಓಡಾಡುತ್ತದೆ.

ಗಲೀಸಿಯಾ ಮಳೆನಾಡು. ಅಲ್ಲಿ ಮೆಕ್ಕೆಜೋಳದ ತೆನೆ ಕೊಯ್ದಾಗ ಪೂರ್ತಿ ಒಣಗಿರುವುದಿಲ್ಲ, ಕಣಜದಲ್ಲೇ ಒಣಗಬೇಕು. ಅದಕ್ಕೇ ಗೋಡೆ ತುಂಬಾ ಸಂದುಗಳು. ಕಾರ್ನೋಟಾ ಎಂಬ ಊರಿನಲ್ಲಿ 1768ರಲ್ಲಿ ಕಟ್ಟಲು ಶುರುಮಾಡಿದ ಕಣಜವೊಂದಿದೆ. ಉದ್ದ ಸುಮಾರು 35 ಮೀಟರ್, ಅಗಲ ಮಾತ್ರ 2 ಮೀಟರ್ ಕೂಡ ಇಲ್ಲ. ಅಗಲ ಜಾಸ್ತಿಯಾದರೆ ಗಾಳಿ ನಡುವಿನ ತೆನೆಗಳಿಗೆ ಮುಟ್ಟುವುದಿಲ್ಲ, ಅಲ್ವಾ?

ಈ ಉಪಾಯ ಎಷ್ಟು ಹಳೆಯದು ಗೊತ್ತಾ? ಜೋರ್ಡಾನಿನ ಧ್ರಾ ಎಂಬಲ್ಲಿ ಸುಮಾರು 11,000 ವರ್ಷ ಹಿಂದಿನ ಕಣಜಗಳ ಕುರುಹು ಸಿಕ್ಕಿದೆ. ಅವಕ್ಕೂ ಎತ್ತರಿಸಿದ ನೆಲಹಾಸು ಇತ್ತು. ಆಗಿನ್ನೂ ಅಲ್ಲಿನ ಜನರ ಕೈಯಲ್ಲಿ ಇದ್ದದ್ದು ಕಾಡು ಬಾರ್ಲಿ.

‘ಹಾಗಾದರೆ ಹಗೇವು?’ ಅಂತ ಕೇಳಬಹುದು. ನೆಲದೊಳಗೆ ಗುಂಡಿ ತೋಡಿ ಕಾಳು ತುಂಬುವುದು ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಗಾಳಿಯನ್ನೇ ಮುಚ್ಚಿಬಿಡುತ್ತಾರೆ. ಒಳಗಿನ ಆಮ್ಲಜನಕ ಮುಗಿದು ಹುಳ ಉಸಿರುಕಟ್ಟಿ ಸಾಯುತ್ತದೆ. ಆದರೆ ಒಮ್ಮೆ ತೆರೆದರೆ ಆ ರಕ್ಷಣೆ ಹೋಯಿತು. ಆಗಾಗ ಸೇರು, ಎರಡು ಸೇರು ತೆಗೆಯಲು ಕಾಲಿನ ಕಣಜವೇ ಸರಿ. ಇಂಗ್ಲೆಂಡಿನ ಡೇನ್‌ಬರಿ ಗುಡ್ಡದ ಮೇಲಿನ ಹಳೆಯ ನೆಲೆಯಲ್ಲಿ ಗುಂಡಿಗಳೂ ಸಿಕ್ಕಿವೆ, ಕಣಜದ್ದು ಎನ್ನಲಾಗುವ ನಾಲ್ಕು ಕಂಬದ ಕುಳಿಗಳೂ ಸಿಕ್ಕಿವೆ.

ಹುಳದ ಮುಂದೆ ಮಾತ್ರ ಕಾಲು, ಬಿಲ್ಲೆ ಯಾವುದೂ ನಡೆಯುವುದಿಲ್ಲ. ಮೂತಿಹುಳ ಹೊಲದಲ್ಲೇ ಕಾಳಿನೊಳಗೆ ಮೊಟ್ಟೆಯಿಟ್ಟಿರುತ್ತದೆ, ನಾವೇ ಅದನ್ನು ಹೊತ್ತು ತಂದು ಒಳಗೆ ಸುರಿಯುತ್ತೇವೆ. ಪಶ್ಚಿಮ ಆಫ್ರಿಕಾದ ಕೆಲವು ಹಳ್ಳಿಗಳಲ್ಲಿ ಇದಕ್ಕೆ ಕಣಜದ ಅಡಿಯಲ್ಲೇ ಬೆಂಕಿ ಹಾಕುತ್ತಾರೆ. ಹೊಗೆಗೆ ಹುಳ ದೂರ, ಬಿಸಿಗೆ ತೆನೆ ಒಣಗುತ್ತದೆ. ಕಾಲಿದ್ದರೆ ತಾನೇ ಕೆಳಗೆ ಒಲೆಗೆ ಜಾಗ!